ಪಟ್ಟಿಯಲ್ಲಿಲ್ಲದ ಮಮತ

ಸಿದ್ದರಾಮುವಿನ ಮೂರು ಚಕ್ರದ ಸ್ಕೂಟರಿನ ಸದ್ದು ಬೀದಿಯ ತುದಿಯಲ್ಲಿ ಕೇಳಿಸಿದರೆ ಸಾಕು, ಅರೆಕಲ್ಲುಕೊಪ್ಪಲಿನ ಕೆಲವು ಮನೆಗಳಲ್ಲಿ ಯಾರನ್ನೋ ಹಿತ್ತಿಲಿಗೆ ಕಳಿಸಿಬಿಡುತ್ತಿದ್ದರು. ಅವನೇನು ಪೊಲೀಸಿನವನಲ್ಲ, ಕರೆಂಟು ಕೀಳಲು ಬಂದವನೂ ಅಲ್ಲ. ಪಂಚಾಯ್ತಿಗೆ ಸೇರಿದ ಊರುಗಳಲ್ಲಿ ಕಣ್ಣು, ಕಿವಿ, ಕೈಕಾಲು, ಬುದ್ಧಿ ಯಾವುದರಲ್ಲಿ ಊನವಿದ್ದರೂ ಅಂಥವರ ಹೆಸರು ಬರೆದುಕೊಂಡು, ಸರ್ಕಾರದಿಂದ ಅವರಿಗೆ ಬರಬೇಕಾದದ್ದನ್ನು ತಂದುಕೊಡಲು ಓಡಾಡುವ ಪುನರ್ವಸತಿ ಕಾರ್ಯಕರ್ತ. ಎರಡು ವರ್ಷದ ಕೂಸಾಗಿದ್ದಾಗ ಪೋಲಿಯೋ ಬಡಿದು ಅವನ ಬಲಗಾಲು ಸೊರಗಿತ್ತು. ಆ ಕಾಲಿಗೆ ಕಬ್ಬಿಣದ ಸರಳು ಬಿಗಿದುಕೊಂಡೇ ಹತ್ತು ವರ್ಷದಿಂದ ಐದು ಊರು ಸುತ್ತುತ್ತಿದ್ದ. ಒಳ್ಳೆಯದು ಮಾಡಲು ಬರುವವನನ್ನು ಕಂಡು ಜನ ಬಾಗಿಲು ಮುಚ್ಚುತ್ತಾರೆಂದರೆ ನಂಬುವುದು ಕಷ್ಟ. ಆದರೆ ಹೊಸಹೊಳಲು ದಾಟಿ ಒಳಕ್ಕೆ ಬಂದು ನೋಡಿದವರಿಗೆ ಅದು ಗೊತ್ತಿರುವ ಸಂಗತಿಯೇ.

ಬಾಗಿಲು ಮುಚ್ಚದವರು ಮಾತಿನಲ್ಲಿ ಮುಚ್ಚುತ್ತಿದ್ದರು. ಕಣ್ಣು ಕಾಣದವನಾದರೆ ‘ಸ್ವಲ್ಪ ಮಂಜು’ ಎನ್ನುತ್ತಿದ್ದರು. ಬುದ್ಧಿ ಬೆಳೆಯದ ಹುಡುಗನಾದರೆ ‘ಅವ್ನಿಗೆ ಸಿಟ್ಟು ಜಾಸ್ತಿ’. ಕಿವಿ ಕೇಳದ, ಮಾತು ಬಾರದ ಹುಡುಗಿಯಾದರೆ ‘ನಾಚ್ಕೆ ಕಣಪ್ಪ, ಯಾರ್ ಜೊತೇಲೂ ಮಾತಾಡಾಕಿಲ್ಲ’. ಸಿದ್ದರಾಮು ಇವನ್ನೆಲ್ಲ ಕೇಳಿ ಕೇಳಿ ಒಳಗೇ ನಗುತ್ತಿದ್ದ, ಆಮೇಲೆ ಹಟ ಹಿಡಿದು ಕೂತು ಹೆಸರು ಬರೆದುಕೊಂಡೇ ಏಳುತ್ತಿದ್ದ. ನಲವತ್ತೊಂದು ಹೆಸರು ಅವನ ಪಟ್ಟಿಯಲ್ಲಿದ್ದವು. ಒಂದೊಂದನ್ನೂ ಅವನು ಕಾಡಿ ಬೇಡಿ ತಂದದ್ದು. ಒಂದು ಮನೆಯ ಮುಂದೆ ಮಾತ್ರ ಸುಳ್ಳು ಬರೆದಿದ್ದ, ಅದೂ ತನ್ನ ಕೈಯಾರೆ.

ಅದು ಮರಿಸ್ವಾಮಿಯ ಮನೆ. ಮೂರು ವರ್ಷದ ಹಿಂದಿನ ಮಾತು. ಮರಿಸ್ವಾಮಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಪೂಜ, ಕೆ.ಆರ್.ಪೇಟೆಯಲ್ಲಿ ಕಾಲೇಜು ಮುಗಿಸಿದವಳು. ಚಿಕ್ಕವಳು ಮಮತ, ಆಗ ಹದಿನಾರು. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳಿಸದು, ಹಾಗಾಗಿ ಮಾತೂ ಬರಲಿಲ್ಲ. ಊರಿನ ಶಾಲೆಗೆ ನಾಲ್ಕು ವರ್ಷ ಹೋಗಿ ಬೆಂಚಿನ ಮೇಲೆ ಕೂತು ಬಂದಳು. ಹೇಗೆ ಕಲಿಸಬೇಕೆಂದು ಕಲಿಸುವವರಿಗೂ ಗೊತ್ತಾಗಲಿಲ್ಲ, ಏನು ಹೇಳುತ್ತಿದ್ದಾರೆಂದು ಕಲಿಯುವವಳಿಗೂ ಗೊತ್ತಾಗಲಿಲ್ಲ. ಅಂದು ಸಿದ್ದರಾಮು ಜಗಲಿಯ ಮೇಲೆ ಪುಸ್ತಕ ಬಿಚ್ಚಿ ಕೂತಾಗ ನೀರು ತಂದುಕೊಟ್ಟವಳು ಅವಳೇ. ಕೊಟ್ಟು, ಅವನ ಕಾಲಿನ ಸರಳನ್ನು ನೋಡಿ, ತನ್ನ ಕಿವಿಯ ಬಳಿ ಬೀಗ ಹಾಕುವಂತೆ ಬೆರಳು ತಿರುಗಿಸಿ ನಕ್ಕಳು. ನಿನಗೆ ಕಾಲು, ನನಗೆ ಕಿವಿ ಎಂದು. ಅವಳ ತಾಯಿ ಮಂಚಮ್ಮ ಅವಳನ್ನು ಒಳಕ್ಕೆ ನೂಕಿ ಬಾಗಿಲು ಎಳೆದುಕೊಂಡಳು.

“ಸಿದ್ದ, ನಿನ್ ದಮ್ಮಯ್ಯ ಅಂತೀನಿ ಕಣಪ್ಪ, ಇವ್ಳ ಹೆಸ್ರು ಬರ್ಕಬೇಡ. ಪೂಜುನ್ ನೋಡಕ್ಕೆ ಪಾಂಡವಪುರದ ಕಡೆಯಿಂದ ಬತ್ತಾವ್ರೆ. ಇಂಥವ್ಳು ಒಬ್ಳು ಮನೇಲವ್ಳೆ ಅಂತ ಗೊತ್ತಾದ್ರೆ ಎದ್ದೋಯ್ತಾರೆ. ಅವ್ಳ ಮದ್ವೆ ಒಂದಾಗ್ಲಿ, ಆಮೇಕೆ ನೀನೇ ಬಂದು ಬರ್ಕೊಳ್ಳಿವಂತೆ.”

ಮರಿಸ್ವಾಮಿ ತಲೆ ಎತ್ತಲಿಲ್ಲ. “ಅವಳೇಳ್ದಂಗೆ ಮಾಡು ಕಣ್ಲಾ” ಎಂದ, ನೆಲ ನೋಡಿಕೊಂಡು.

ಬೇರೆ ಯಾರ ಮನೆಯಾಗಿದ್ದರೂ ಸಿದ್ದರಾಮು ವಾದಕ್ಕೆ ನಿಲ್ಲುತ್ತಿದ್ದ. ಇಲ್ಲಿ ಅವನಿಗೆ ತನ್ನ ಅಕ್ಕ ಗೌರಮ್ಮ ನೆನಪಾದಳು. ಅವಳನ್ನು ನೋಡಲು ಮೂರು ಕಡೆಯಿಂದ ಗಂಡಿನವರು ಬಂದಿದ್ದರು. ಮೂರನೆಯವರು ಒಪ್ಪಿದ್ದರು, ಮಾತುಕತೆ ಮುಗಿದು ಎಲೆ ಅಡಿಕೆ ಮುಂದಿತ್ತು. ಆ ಹೊತ್ತಿಗೆ ಸರಿಯಾಗಿ ಹನ್ನೆರಡು ವರ್ಷದ ಸಿದ್ದರಾಮು ಶಾಲೆಯಿಂದ ಕಾಲೆಳೆಯುತ್ತ ಬಂದು ಹೊಸ್ತಿಲ ಮೇಲೆ ನಿಂತ. ಗಂಡಿನ ಕಡೆಯ ಹಿರಿಯನೊಬ್ಬ ಅವನ ಕಾಲು ನೋಡಿದ, ನೀರು ಕೇಳಿದ, ಅರ್ಧ ಲೋಟ ಕುಡಿದು ಇನ್ನರ್ಧ ಹಾಗೇ ಇಟ್ಟು ಎದ್ದ. ಗೌರಮ್ಮನನ್ನು ಕೊನೆಗೆ ನಾಗಮಂಗಲದ ಕಡೆ, ಎರಡು ಮಕ್ಕಳಿದ್ದವನಿಗೆ ಎರಡನೇ ಸಂಬಂಧವಾಗಿ ಕೊಟ್ಟರು. ಮನೆಯಲ್ಲಿ ಯಾರೂ ಸಿದ್ದರಾಮುವನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಇಂದಿಗೂ ಅನ್ನಿಸುತ್ತದೆ.

ಹಾಗಾಗಿ ಅವನು ಮರಿಸ್ವಾಮಿಯ ಮನೆಯ ಸಾಲಿನಲ್ಲಿ ‘ಇಲ್ಲ’ ಎಂದು ಬರೆದ. ಬರೆದು, ಒಂದು ಹೆಣ್ಣಿನ ಬಾಳು ಉಳಿಸಿದೆನೆಂಬ ನೆಮ್ಮದಿಯಲ್ಲಿ ಸ್ಕೂಟರ್ ಹತ್ತಿದ. ಇನ್ನೊಂದು ಹೆಣ್ಣಿನ ಬಾಳು ಆ ಬಾಗಿಲ ಹಿಂದೆಯೇ ನಿಂತಿತ್ತು. ಅದು ಅವನಿಗೆ ಆಗ ಕಾಣಲಿಲ್ಲ, ಕರುಣೆ ಉಕ್ಕಿದಾಗ ಮನುಷ್ಯ ಅರ್ಧ ಕುರುಡ.

ಮದುವೆ ಆಯಿತು. ಗಂಡು ಲೋಕೇಶ್, ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ, ತಾಯಿ ಪಾರ್ವತಮ್ಮ ಗಟ್ಟಿ ಹೆಂಗಸು, ಊರಿಗೆಲ್ಲ ಬುದ್ಧಿ ಹೇಳುವವಳು. ಆ ಮದುವೆಯ ಹಸೆ ಬರೆದದ್ದು ಮಮತ. ಹಸೆ ಬರೆಯುವುದು ಆ ಮನೆಯ ಹೆಂಗಸರಿಗೆ ತಲೆತಲಾಂತರದಿಂದ ಬಂದದ್ದು. ನೆಲಕ್ಕೆ ಕೆಮ್ಮಣ್ಣು ಸಾರಿಸಿ, ಅಕ್ಕಿಹಿಟ್ಟಿನಲ್ಲಿ ಗೆರೆ ಎಳೆದು, ಮದುಮಕ್ಕಳು ಕೂರುವ ಜಾಗ ಸಿಂಗರಿಸುವುದು. ಬರೆಯುವಾಗ ಅಜ್ಜಿ ಮಾಯಮ್ಮ ಸೋಬಾನೆ ಹೇಳುತ್ತಾಳೆ. ಮಾಯಮ್ಮನಷ್ಟು ಸೋಬಾನೆ ಪದ ಬಲ್ಲವರು ಆ ಸುತ್ತಿನಲ್ಲಿ ಇಲ್ಲ. ಮೊಮ್ಮಗಳ ಕೈಯಷ್ಟು ಹದವಾದ ಕೈಯೂ ಇಲ್ಲ. ಪದ ಒಂದೂ ಕೇಳಿಸದ ಹುಡುಗಿ ಅಜ್ಜಿಯ ತುಟಿ ನೋಡಿಕೊಂಡು ಬೆಳಗಿನಿಂದ ಮಧ್ಯಾಹ್ನದವರೆಗೆ ಬಗ್ಗಿ ಬರೆದಳು. ಮುಗಿಸಿ ಕೈ ತೊಳೆಯುತ್ತಿದ್ದಂತೆ ಮಂಚಮ್ಮ ಅವಳ ಕೈಗೆ ಬ್ಯಾಗು ಕೊಟ್ಟು ನಾಗಮಂಗಲದ ಬಸ್ಸು ಹತ್ತಿಸಿದಳು, ಅಲ್ಲಿರುವ ಸೋದರತ್ತೆಯ ಮನೆಗೆ. ಗಂಡಿನವರ ದಿಬ್ಬಣ ಬಂದದ್ದು ಸಂಜೆಗೆ. ಅಕ್ಕನ ಮದುವೆಯನ್ನು ತಂಗಿ ನೋಡಲಿಲ್ಲ. ಹಸೆಯನ್ನು ಹೊಗಳಿದ ಗಂಡಿನ ಕಡೆಯವರಿಗೆಲ್ಲ ಮಂಚಮ್ಮ ಅಜ್ಜಿ ಬರೆದದ್ದೆಂದು ಹೇಳಿದಳು.

‘ಆಮೇಕೆ’ ಅನ್ನುವ ಆ ದಿನ ಬರಲೇ ಇಲ್ಲ. ಮದುವೆಯಾದ ಮೇಲೆ ಸಿದ್ದರಾಮು ಪುಸ್ತಕ ಹಿಡಿದು ಹೋದ. “ಒಂದ್ ಕೂಸಾಗ್ಲಿ ತಡಿಯಪ್ಪ, ಅವ್ಳು ಅಲ್ಲಿ ಬೇರೂರ್ಲಿ” ಎಂದಳು ಮಂಚಮ್ಮ. ಬೀಗರು ಬಂದಾಗಲೆಲ್ಲ ಮಮತ ನಾಗಮಂಗಲದಲ್ಲಿ. ಅಲ್ಲಿ ಓದುತ್ತಿದ್ದಾಳೆಂದು ಬೀಗರಿಗೆ ಹೇಳಿದ್ದರು. ಸಿದ್ದರಾಮುವೂ ಒತ್ತಾಯ ಮಾಡಲಿಲ್ಲ. ಈಗ ತಿದ್ದಲು ಹೊರಟರೆ ಆಗ ಯಾಕೆ ಬರೆಯಲಿಲ್ಲ ಎಂದು ಮೇಲಿನವರು ಕೇಳುತ್ತಾರಲ್ಲ ಎಂಬ ಭಯ ಅವನಲ್ಲಿ ಹುಟ್ಟಿತ್ತು. ಭಯಕ್ಕೆ ಅವನು ಪೂಜಳ ಸಂಸಾರದ ಹೆಸರಿಟ್ಟುಕೊಂಡ.

ಈ ವರ್ಷದ ಮೊದಲಲ್ಲಿ ಪೂಜಳಿಗೆ ಗಂಡು ಮಗು ಹುಟ್ಟಿತು. ಹೆರಿಗೆಯಾದ ಆಸ್ಪತ್ರೆಯಲ್ಲಿ ಮಗುವಿನ ಕಿವಿಗೆ ಒಂದು ಸಣ್ಣ ಯಂತ್ರ ಇಟ್ಟು ನೋಡಿದರು. ಮಗು ಒಂದೇ ಸಮ ಅಳುತ್ತಿತ್ತು, ಪರೀಕ್ಷೆ ಸರಿಯಾಗಿ ಆಗಲಿಲ್ಲ. ನರ್ಸಮ್ಮ ಕೇಳಿದಳು, ನಿಮ್ಮ ಎರಡೂ ಕಡೆ ಯಾರಿಗಾದರೂ ಹುಟ್ಟಿನಿಂದ ಕಿವಿ ಕೇಳದೆ ಇದೆಯಾ, ಇದ್ದರೆ ತಪ್ಪದೆ ಇನ್ನೊಮ್ಮೆ ತೋರಿಸಬೇಕು. ಮಂಚದ ಒಂದು ಪಕ್ಕ ಗಂಡ, ಇನ್ನೊಂದು ಪಕ್ಕ ಅತ್ತೆ. ಪೂಜ ಇಲ್ಲವೆಂದಳು. ಗಂಡನ ಕಡೆಯಿಂದಲೂ ಇಲ್ಲವೆಂದೇ ಉತ್ತರ ಬಂತು. ನರ್ಸಮ್ಮ ಹಾಗೇ ಬರೆದುಕೊಂಡಳು.

ಬಾಣಂತನಕ್ಕೆ ತವರಿಗೆ ಬಂದಾಗ ಮಗು ಸದಾ ಮಮತಳ ಸೊಂಟದಲ್ಲೇ. ಐದನೇ ತಿಂಗಳಿನಲ್ಲಿ ಒಂದು ಬೆಳಗ್ಗೆ ಸಿದ್ದರಾಮು ಆ ಬೀದಿಯಲ್ಲಿ ಬರುತ್ತಿದ್ದ. ಮಮತ ಓಡಿ ಬಂದು ಅವನ ಸ್ಕೂಟರಿನ ಹ್ಯಾಂಡಲ್ಲು ಹಿಡಿದುಕೊಂಡಳು, ಕೈ ಜಗ್ಗಿ ಒಳಗೆ ಕರೆದೊಯ್ದಳು. ತೊಟ್ಟಿಲಲ್ಲಿ ಮಗು ಎಚ್ಚರವಾಗಿತ್ತು. ಮಮತ ತೊಟ್ಟಿಲ ತಲೆಯ ಕಡೆಗೆ ಹೋಗಿ, ಸ್ಟೀಲಿನ ತಟ್ಟೆಯನ್ನು ಎತ್ತಿ ನೆಲಕ್ಕೆ ಬಿಟ್ಟಳು. ಸದ್ದಿಗೆ ಸಿದ್ದರಾಮು ಬೆಚ್ಚಿದ, ಅಡುಗೆ ಮನೆಯಿಂದ ಪೂಜ ಓಡಿ ಬಂದಳು, ಮಂಚಮ್ಮ ಬಂದಳು. ಮಗು ತನ್ನ ಕಾಲ್ಬೆರಳು ಹಿಡಿದು ಆಡುತ್ತಲೇ ಇತ್ತು. ಮಮತ ಮಗುವಿನ ಕಿವಿ ಮುಟ್ಟಿದಳು, ತನ್ನ ಕಿವಿ ಮುಟ್ಟಿದಳು, ಅದೇ ಬೀಗ ಹಾಕುವ ಬೆರಳು ತಿರುಗಿಸಿದಳು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಮಂಚಮ್ಮ ಅವಳ ಕೆನ್ನೆಗೆ ಹೊಡೆದಳು. “ಬಾಯಿಲ್ದಿದ್ರೂ ಕೈಯಲ್ಲಿ ಅಪ್ಶಕ್ನ ನುಡೀತೀಯಾ, ಅನಿಷ್ಟ!”

“ಒಡೀಬೇಡ ಕಣವ್ವ” ಎಂದ ಸಿದ್ದರಾಮು. “ಮಗೀನ ಒಂದ್ಸಲ ಮೈಸೂರಿಗೆ ಕರ್ಕೊಂಡೋಗಿ ತೋರ್ಸನ. ಬೇಗ ಗೊತ್ತಾದ್ರೆ ಈಗ ದಾರಿ ಐತೆ. ಆಪ್ರೇಶನ್ನು, ಮಿಷಿನ್ನು, ಎಲ್ಲಾ ಸರ್ಕಾರ್ದೋರೆ ಮಾಡ್ತಾರೆ. ತಡ ಆದ್ರೆ ಏನ್ ಮಾಡುದ್ರೂ ಮಾತು ಬರಾಕಿಲ್ಲ.”

ಪೂಜ ಮಗುವನ್ನು ಎದೆಗವಚಿಕೊಂಡಳು. “ಅಲ್ಲಿ ಮೊದ್ಲು ಕೇಳೋದೇ ಮನೇಲಿ ಯಾರಾದ್ರೂ ಇಂಗವ್ರಾ ಅಂತ ಸಿದ್ದಣ್ಣ. ನಾನು ಏನಂತ ಏಳ್ಲಿ? ನಮ್ಮತ್ತೆ ನನ್ನ ಮನೇಲಿ ಇಟ್ಕತಾರಾ?” ಎಂದಳು. ಮರಿಸ್ವಾಮಿ ಹೊಲದಿಂದ ಬಂದವನು ಎಲ್ಲ ಕೇಳಿ, ನಮ್ಮಪ್ಪನಿಗೂ ಮಾತು ತಡವಾಗಿಯೇ ಬಂದಿತ್ತಂತೆ ಎಂದು ಹೇಳಿ ಟವೆಲ್ಲು ಕೊಡವಿ ಹೊರಟುಹೋದ. ಮುಂದಿನ ವಾರವೇ ಪೂಜ ಗಂಡನ ಮನೆಗೆ ಹೋದಳು. ಸಿದ್ದರಾಮು ಎರಡು ಸಲ ಫೋನು ಮಾಡಿದ. ಮೊದಲ ಸಲ ‘ಆಮೇಲೆ ಮಾಡ್ತೀನಿ’ ಎಂದಳು, ಎರಡನೇ ಸಲ ಎತ್ತಲಿಲ್ಲ.

ಅಂದಿನಿಂದ ಅವನಿಗೆ ಅನ್ನ ರುಚಿಸಲಿಲ್ಲ. ಪಟ್ಟಿಯ ಪುಸ್ತಕ ಬಿಚ್ಚಿದರೆ ಆ ‘ಇಲ್ಲ’ ಕಣ್ಣಿಗೆ ಹೊಡೆಯುತ್ತಿತ್ತು. ಒಂದೊಂದು ತಿಂಗಳು ಕಳೆದಾಗಲೂ ಮಗುವಿನ ವಯಸ್ಸು ಲೆಕ್ಕ ಹಾಕುತ್ತಿದ್ದ. ಆರಾಯಿತು, ಎಂಟಾಯಿತು. ಹೋಗಿ ಬೀಗರಿಗೆ ಹೇಳಿಬಿಡಲೇ ಅಂದುಕೊಳ್ಳುತ್ತಿದ್ದ. ಪೂಜಳ ಮುಖ ಅಡ್ಡ ಬರುತ್ತಿತ್ತು. ನಿಜ ಹೇಳಬೇಕೆಂದರೆ ಅವನ ಕೆಲಸವೂ ಅಡ್ಡ ಬರುತ್ತಿತ್ತು.

ಹೀಗಿರುವಾಗ ಪಂಚಾಯ್ತಿಗೆ ಹೊಸ ಅಭಿವೃದ್ಧಿ ಅಧಿಕಾರಿ ಬಂದಳು, ಸ್ನೇಹ ಅಂತ, ಇನ್ನೂ ಮೂವತ್ತು ದಾಟದವಳು. ವಿಶೇಷಚೇತನರ ಗ್ರಾಮಸಭೆಯೆಂದರೆ ಅಲ್ಲಿಯವರೆಗೆ ನಾಲ್ಕು ಜನ ಕೂತು ಸಹಿ ಹಾಕಿ ಬೋಂಡಾ ತಿಂದು ಏಳುವುದಾಗಿತ್ತು. ಇವಳು ಬಂದವಳೇ ಸಮುದಾಯ ಭವನದ ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಿಸಿದಳು. ಗಾರೆಯವನು ಕಡಿದಾಗಿ ಕಟ್ಟಿದ್ದನ್ನು ಒಡೆಸಿ ಮತ್ತೆ ಕಟ್ಟಿಸಿ, ಗಾಲಿಕುರ್ಚಿಯಲ್ಲಿ ತಾನೇ ಕೂತು ಹತ್ತಿ ನೋಡಿದಳು. ಡಿಸೆಂಬರಿನ ಸಭೆಗೆ ಮೈಸೂರಿನಿಂದ ಕೈಸನ್ನೆಯಲ್ಲಿ ಮಾತಾಡುವ ಟೀಚರನ್ನು ಕರೆಸುವುದೆಂದು ಗೊತ್ತುಮಾಡಿದಳು. ಅದೇ ದಿನ ಊರಿನ ಎಲ್ಲ ಕೇರಿಯ ಕಲಾವಿದರನ್ನೂ ಕೂರಿಸಿ ಅವರ ಹೆಸರು ಪಂಚಾಯ್ತಿ ಪುಸ್ತಕಕ್ಕೆ ಏರಿಸಬೇಕು ಎಂದಳು. ತಮಟೆಯವರು, ಕಥೆ ಹಾಡುವ ನೀಲಗಾರರು, ಪೂಜಾ ಕುಣಿತದವರು, ಸೋಬಾನೆಯ ಹೆಂಗಸರು, ಎಲ್ಲರೂ. ತಮಟೆಯವರು ಮೊದಲ ಸಲ ವೇದಿಕೆಯ ಕೆಳಗಲ್ಲ, ಮೇಲೆ. ಅದಕ್ಕೆ ಒಂದಿಬ್ಬರು ಗೊಣಗಿದರು, ಸ್ನೇಹ ಕಿವಿಗೆ ಹಾಕಿಕೊಳ್ಳಲಿಲ್ಲ.

“ಬಾಗಿಲಲ್ಲಿ ಹಸೆ ಬರೆಸೋಣ. ಇಲ್ಲಿ ಚೆನ್ನಾಗಿ ಬರೆಯೋರು ಯಾರು?” ಎಂದು ಕೇಳಿದಾಗ ಕೂತಿದ್ದವರೆಲ್ಲ ಒಂದೇ ಬಾಯಲ್ಲಿ, ಮಾಯಮ್ಮನ ಮೊಮ್ಮಗಳು ಮಮತ ಎಂದರು; ಅವಳ ಕಿವಿಯ ಸಂಗತಿ ಮಾತ್ರ, ಪೂಜಳ ಸಂಸಾರ ನೆನೆದು, ಯಾರೂ ಎತ್ತಲಿಲ್ಲ.

ಸ್ನೇಹ ಕಲಾವಿದರ ಪಟ್ಟಿಯಲ್ಲಿ ಆ ಹೆಸರು ಬರೆದುಕೊಂಡಳು. “ಅಜ್ಜಿಗೆ ಸನ್ಮಾನ ಮಾಡೋಣ. ಮೊಮ್ಮಗಳು ವೇದಿಕೆ ಮೇಲೆ ನಿಂತು ಹಸೆ ಬಗ್ಗೆ ಎರಡು ಮಾತಾಡಲಿ. ಸಿದ್ದರಾಮು, ನೀವೇ ಹೇಳಿಬಿಡಿ ಅವಳಿಗೆ.”

“ಮಾತಾಡಲ್ಲ ಮೇಡಂ” ಎಂದ ಸಿದ್ದರಾಮು. “ನಾಚಿಕೆ.”

ತನ್ನ ಬಾಯಿಂದಲೇ ಆ ಮಾತು ಬಂದದ್ದನ್ನು ಕೇಳಿ ಅವನು ನೀರು ಕುಡಿಯುವ ನೆಪದಲ್ಲಿ ಹೊರಗೆದ್ದು ಹೋದ.

ಸಭೆಯ ದಿನ ಅಜ್ಜಿಯ ಸನ್ಮಾನಕ್ಕೆಂದು ಪೂಜ, ಲೋಕೇಶ್, ಪಾರ್ವತಮ್ಮ ಮೂವರೂ ಬರುವವರಿದ್ದರು. ಹಾಗಾಗಿ ಮಮತಳ ಬ್ಯಾಗು ಮತ್ತೆ ಸಿದ್ಧವಾಗಿತ್ತು. ಬೆಳಗಾಗುವ ಹೊತ್ತಿಗೇ ಅವಳು ಭವನದ ಬಾಗಿಲಲ್ಲಿ ಬಗ್ಗಿ ಗೆರೆ ಎಳೆಯುತ್ತಿದ್ದಳು. ಮಾಯಮ್ಮ ಪಕ್ಕದಲ್ಲಿ ಕೂತು ಪದ ಹೇಳುತ್ತಿದ್ದಳು. ಮಂಚಮ್ಮ ಗಳಿಗೆಗೊಮ್ಮೆ ರಸ್ತೆ ನೋಡುತ್ತಿದ್ದಳು. ಸಿದ್ದರಾಮು ಕುರ್ಚಿ ಜೋಡಿಸುವ ನೆಪದಲ್ಲಿ ಅಲ್ಲೇ ಸುಳಿದಾಡುತ್ತಿದ್ದ.

ಮೈಸೂರಿನ ಟೀಚರು ಮೊದಲ ಬಸ್ಸಿಗೇ ಬಂದಿಳಿದಳು. ಹಸೆ ನೋಡಿ ನಿಂತಳು, ಏನೋ ಕೇಳಿದಳು. ಮಮತ ತಲೆ ಎತ್ತದಿದ್ದುದನ್ನು ನೋಡಿ ಅವಳಿಗೆ ತಕ್ಷಣ ತಿಳಿಯಿತು; ಅದೇ ಅವಳ ಕಸುಬು. ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತು ಕೈಯಲ್ಲಿ ಕೇಳಿದಳು. ಮಮತಳಿಗೆ ಆ ಸನ್ನೆ ಗೊತ್ತಿಲ್ಲ. ಆದರೆ ಸುಮ್ಮನೆ ಕೈ ಬೀಸುತ್ತಿಲ್ಲ, ಈ ಕೈ ಏನನ್ನೋ ಹೇಳುತ್ತಿದೆ ಎಂಬುದು ಗೊತ್ತಾಯಿತು. ಟೀಚರು ಹೂವು ತೋರಿಸಿ ಒಂದು ಸನ್ನೆ ಮಾಡಿದಳು, ಅಕ್ಕಿಹಿಟ್ಟು ತೋರಿಸಿ ಇನ್ನೊಂದು, ಅಜ್ಜಿಯನ್ನು ತೋರಿಸಿ ಮತ್ತೊಂದು. ಮಮತ ಮೂರನ್ನೂ ಒಂದೇ ಸಲಕ್ಕೆ ತಿರುಗಿ ಮಾಡಿದಳು. ಆಮೇಲೆ ಟೀಚರ ಎರಡೂ ಕೈ ಹಿಡಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡತೊಡಗಿದಳು, ಬಿಡಲೇ ಇಲ್ಲ. ಹತ್ತೊಂಬತ್ತು ವರ್ಷದಲ್ಲಿ ಯಾರೂ ಅವಳಿಗೆ ಒಂದು ವಸ್ತುವಿನ ಹೆಸರು ಹೇಳಿಕೊಟ್ಟಿರಲಿಲ್ಲ. ಸಿದ್ದರಾಮು ಕಂಬ ಹಿಡಿದು ನಿಂತು ಅತ್ತ.

ನಾಗಮಂಗಲದ ಬಸ್ಸು ಬಂತು, ಹಾರನ್ನು ಹೊಡೆಯಿತು. ಮಂಚಮ್ಮ ಮಗಳ ರಟ್ಟೆ ಹಿಡಿದು ಎಳೆದಳು. ಮಮತ ಏಳಲಿಲ್ಲ. ಇನ್ನೊಮ್ಮೆ ಎಳೆದಳು; ಮಮತ ನೆಲಕ್ಕೆ ಅಂಟಿಕೊಂಡವಳಂತೆ ಕೂತಳು. ಅಷ್ಟರಲ್ಲಿ ಬೀಗರ ಆಟೋ ತಿರುವಿನಲ್ಲಿ ಕಾಣಿಸಿತು. ಮಂಚಮ್ಮ ಕೈ ಬಿಟ್ಟು, ಸೆರಗು ಸರಿಮಾಡಿಕೊಂಡು ಬೀಗಿತ್ತಿಯನ್ನು ಕರೆಯಲು ಹೋದಳು. ಮಮತ ಟೀಚರ ಜೊತೆ ಹಿಂದಿನ ಸಾಲಿನಲ್ಲಿ, ಯಾರೋ ಪರವೂರಿನ ಹುಡುಗಿಯಂತೆ ಕೂತಳು.

ಸಭೆ ತಮಟೆಯಿಂದ ಶುರುವಾಯಿತು. ಆರು ತಮಟೆ ಒಟ್ಟಿಗೆ ಬಡಿದಾಗ ತಗಡಿನ ಮಾಡು ಅದುರಿತು. ತಾಯಂದಿರ ಮಡಿಲಿನ ಮಕ್ಕಳೆಲ್ಲ ಒಮ್ಮೆಗೇ ಬೆಚ್ಚಿ ಕಿರುಚಿಕೊಂಡವು. ಪೂಜಳ ಮಡಿಲಲ್ಲಿದ್ದ ಹತ್ತು ತಿಂಗಳ ಮಗು ತಾಯಿಯ ಬಳೆಗಳನ್ನು ಒಂದೊಂದಾಗಿ ಮೇಲಕ್ಕೂ ಕೆಳಕ್ಕೂ ಸರಿಸಿ ಆಡುತ್ತಿತ್ತು. ಪಾರ್ವತಮ್ಮ ಗಡಿಬಿಡಿಯಲ್ಲಿ ಸೆರಗಿನಿಂದ ಮಗುವಿನ ಎರಡೂ ಕಿವಿ ಮುಚ್ಚಿ, ತನ್ನ ಎದೆಗೆ ತಿರುಗಿಸಿಕೊಂಡಳು. ಪೂಜ ತಲೆ ಎತ್ತಿ ಸಿದ್ದರಾಮುವನ್ನು ನೋಡಿದಳು. ಆ ನೋಟ ಬೇಡುತ್ತಿತ್ತೋ ಬೈಯುತ್ತಿತ್ತೋ ಅವನಿಗೆ ತಿಳಿಯಲಿಲ್ಲ. ಮಗು ಎಂದೂ ಬೆಚ್ಚುವುದಿಲ್ಲ ಎಂಬುದು ಅವಳಿಗೆ ಗೊತ್ತಿದೆ ಎಂದಷ್ಟು ತಿಳಿಯಿತು.

ಮಾಯಮ್ಮನಿಗೆ ಶಾಲು ಹೊದಿಸಿದರು. ಮುದುಕಿ ಒಂದು ಪದ ಹೇಳಿದಳು, ಜನ ಚಪ್ಪಾಳೆ ತಟ್ಟಿದರು. ಆಮೇಲೆ ಸ್ನೇಹ ಮೈಕು ಸಿದ್ದರಾಮುವಿನ ಕೈಗೆ ಕೊಟ್ಟು ವಿಶೇಷಚೇತನರ ಪಟ್ಟಿ ಓದಲು ಹೇಳಿದಳು. ಬಿಟ್ಟುಹೋದ ಹೆಸರಿದ್ದರೆ ಸಭೆಯಲ್ಲೇ ಸೇರಿಸಬೇಕು ಎಂದು ಜನರಿಗೂ ಹೇಳಿದಳು. ಅವನು ನಲವತ್ತೊಂದು ಹೆಸರನ್ನೂ ಓದಿದ. ಟೀಚರು ಹಿಂದಿನ ಸಾಲಿನ ಬಳಿ ನಿಂತು ಒಂದೊಂದನ್ನೂ ಕೈಯಲ್ಲಿ ಹೇಳುತ್ತಿದ್ದಳು. ಮಮತ ಆ ಕೈಗಳನ್ನೇ ನೋಡುತ್ತಿದ್ದಳು.

ಓದಿ ಮುಗಿಸಿ ಅವನು ಕೂರಲಿಲ್ಲ.

“ಇನ್ನೊಂದ್ ಮಾತು” ಎಂದ. “ಈ ಪಟ್ಟೀಲಿ ಒಂದು ಮನೆ ಮುಂದೆ ನಾನು ಸುಳ್ಳು ಬರ್ದಿವ್ನಿ. ಆ ಮನೇಲಿ ಒಬ್ರು ಅವ್ರೆ ಅಂತ ಗೊತ್ತಿದ್ದೂ ಇಲ್ಲ ಅಂತ ಬರ್ದೆ. ಯಾರ್ದು ಅಂತ ನಾನು ಏಳಾಕಿಲ್ಲ, ಏಳೋ ಅಕ್ಕು ನಂಗಿಲ್ಲ. ಆ ಮನೆಯೋರ ತಪ್ಪಲ್ಲ, ಬರಿಯೋ ಕೈ ನಂದು. ಒಳ್ಳೇದ್ ಮಾಡ್ದೆ ಅನ್ಕಂಡಿದ್ದೆ. ಆ ಸುಳ್ಳಿಂದ ಮೂರ್ವರ್ಷ ಒಂದು ಜೀವ ಕದ್ದೋಡಾಡ್ತು. ಈಗ ಇನ್ನೊಂದು ಜೀವಕ್ಕೂ ಅದೇ ಸುತ್ತಾಕತಾ ಐತೆ. ನಂಗೇನ್ ಶಿಕ್ಷೆ ಕೊಟ್ರೂ ಸರಿಯೇ ಮೇಡಮ್ಮೋರೆ.”

ಮರಿಸ್ವಾಮಿ ಮುಖ ಮುಚ್ಚಿಕೊಂಡಿದ್ದ.

ವೇದಿಕೆಯ ಮೇಲಿದ್ದ ಮಾಯಮ್ಮ ಶಾಲು ತೆಗೆದು ಕುರ್ಚಿಯ ಮೇಲಿಟ್ಟಳು. “ಆ ಮನೆ ನಮ್ದು ಕಣ್ರಪ್ಪ” ಎಂದಳು, ಮೈಕಿಲ್ಲದ ಗಟ್ಟಿ ದನಿಯಲ್ಲಿ. “ಬಾಗ್ಲಲ್ಲಿ ಅಸೆ ಬರ್ದೋಳು ನನ್ ಮೊಮ್ಮಗ್ಳು ಮಮತ. ಅಕೋ, ಇಂದ್ಗಡೆ ಕುಂತವ್ಳೆ. ಅವ್ಳಿಗೆ ಕಿವಿ ಕೇಳಾಕಿಲ್ಲ. ಅವಳಕ್ಕನ ಮದ್ವೆ ಅಸೇನೂ ಅವ್ಳೇ ಬರ್ದದ್ದು. ಬರ್ಸ್ಕೊಂಡು ಬಸ್ ಅತ್ತುಸ್ಬುಟ್ಟೊ.”

ಎಲ್ಲರ ತಲೆ ಹಿಂದಕ್ಕೆ ತಿರುಗಿತು. ಅಷ್ಟು ಕಣ್ಣು ತನ್ನ ಮೇಲೆ ಬಿದ್ದದ್ದು ನೋಡಿ ಮಮತ ಗಾಬರಿಯಾಗಿ ಎದ್ದು ನಿಂತಳು, ಮತ್ತೆಲ್ಲಿಗೋ ಕಳಿಸುತ್ತಾರೆಂದು ಬ್ಯಾಗು ಎತ್ತಿಕೊಂಡಳು. ಅದನ್ನು ಕಂಡು ಪೂಜಳಿಗೆ ತಡೆಯಲಾಗಲಿಲ್ಲ. ಮಗುವನ್ನು ಅತ್ತೆಯ ಕೈಯಿಂದ ಕಿತ್ತುಕೊಂಡು ಸಾಲು ದಾಟಿ ಹಿಂದಕ್ಕೆ ಓಡಿದಳು, ತಂಗಿಯ ಕೈಯಿಂದ ಬ್ಯಾಗು ತೆಗೆದು ಕೆಳಗಿಟ್ಟು, ಮಗುವನ್ನು ಅವಳ ಸೊಂಟಕ್ಕೆ ಕೂರಿಸಿದಳು.

“ಇವ್ಳ ಹೆಸ್ರು ಬರ್ಕೊ ಸಿದ್ದಣ್ಣ” ಎಂದಳು. “ನನ್ ಮಗೀನ್ ಹೆಸ್ರೂ ಬರ್ಕೊ.”

ಪಾರ್ವತಮ್ಮ ಸಿಡಿದೆದ್ದಳು. “ಮೋಸ! ಎಂಥ ಮನೆಮುರುಕ ಮೋಸ ಮಾಡ್ಬುಟ್ರಿ! ಇಂಥವ್ಳು ಒಬ್ಳವ್ಳೆ ಅಂತ ಒಂದ್ ಮಾತು ಬಾಯ್ಬುಟ್ರಾ? ನಮ್ಮನೆ ಕುಡಿಗೆ ತಂದಾಕ್ಬುಟ್ರಲ್ಲ ಇದ್ನ! ಲೋಕೇಶ, ಏಳೋ, ನಡಿ. ಇವ್ಳು ಇಲ್ಲೇ ಬಿದ್ದಿರ್ಲಿ.” ಮಂಚಮ್ಮ ಅವಳ ಕಾಲು ಹಿಡಿಯಲು ಬಗ್ಗಿದಳು.

ಲೋಕೇಶ್ ಏಳಲಿಲ್ಲ. ಮದುವೆಯಾದಾಗಿನಿಂದ ತಾಯಿಗೆ ಎದುರಾಡದ ಹುಡುಗ. ಎರಡೂ ಕೈಯಲ್ಲಿ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡು, ನಿಧಾನವಾಗಿ, ಆದರೆ ಎಲ್ಲರಿಗೂ ಕೇಳುವಂತೆ ಕೇಳಿದ.

“ಅವ್ವ, ನಮ್ ಸಂತೋಷ ಎಲ್ಲವ್ನೆ?”

ಪಾರ್ವತಮ್ಮ ಮಗನ ರಟ್ಟೆ ಹಿಡಿದು ಎಬ್ಬಿಸಲು ಹೋದಳು.

“ಬಾಬುರಾಯನಕೊಪ್ಪಲಲ್ಲಿ ಮಾವನ ಮನೇಲಿ ಎಷ್ಟ್ ವರ್ಸದಿಂದ ಅವ್ನೆ ಕಿವಿ ಕೇಳ್ದಿರೋ ನನ್ ತಮ್ಮ? ನನ್ ಮದ್ವೇಗೆ ಅವ್ನು ಬಂದಿದ್ನಾ? ಆಸ್ಪತ್ರೇಲಿ ನರ್ಸಮ್ಮ ಕೇಳ್ದಾಗ ನೀನೇನಂದೆ, ನಾನೇನಂದೆ? ಮಗೀಗೆ ಕೇಳಾಕಿಲ್ಲ ಅಂತ ನಂಗೆ ಗಣಪತಿ ಅಬ್ಬದ ಪಟಾಕಿಯಲ್ಲೇ ಗೊತ್ತಾಯ್ತು. ನಮ್ ಕಡೇದು ಅಂತ ಇವ್ಳಿಗೆ ಗೊತ್ತಾದಾತು ಅಂತ ಸುಮ್ಕಿದ್ದೆ.”

ಪೂಜ ಗಂಡನನ್ನು ನೋಡುತ್ತ ನಿಂತಳು. ಮೂರು ವರ್ಷ ಒಂದೇ ಮನೆಯಲ್ಲಿ, ಒಂದೇ ತೊಟ್ಟಿಲ ಎರಡು ಪಕ್ಕದಲ್ಲಿ, ಇಬ್ಬರೂ ಒಂದೇ ಗುಟ್ಟನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟು ಹತ್ತು ತಿಂಗಳು ಕಳೆದಿದ್ದರು. ಆ ಹತ್ತು ತಿಂಗಳು ಅವರದಲ್ಲ, ಮಗುವಿನದು. ಅವುಗಳನ್ನು ಇನ್ನು ಯಾರೂ ಅದಕ್ಕೆ ಮರಳಿ ಕೊಡಲಾರರು.

ಸ್ನೇಹ ಕೆಳಗಿಳಿದು ಬಂದು ಪೂಜಳ ಹೆಗಲ ಮೇಲೆ ಕೈಯಿಟ್ಟಳು. ಸೋಮವಾರ ತಾನೇ ಮೈಸೂರಿಗೆ ಜೊತೆಯಲ್ಲಿ ಬರುತ್ತೇನೆ ಎಂದಳು. ಸಿದ್ದರಾಮುವಿನ ಕಡೆ ತಿರುಗಿ, ನಿಮ್ಮ ವಿಷಯ ಬರವಣಿಗೆಯಲ್ಲಿ ಕೊಡಿ, ಮೇಲಕ್ಕೆ ಕಳಿಸಲೇಬೇಕು ಎಂದಳು. ಅವನು ಆಗಲಿ ಎಂದು ತಲೆಯಾಡಿಸಿ, ಪುಸ್ತಕ ಹಿಡಿದು, ಸರಳು ಕಟ್ಟಿದ ಕಾಲೆಳೆಯುತ್ತ ಹಿಂದಿನ ಸಾಲಿಗೆ ಬಂದು ಕೂತ. ನಲವತ್ತೆರಡನೆಯ ಸಾಲಿನಲ್ಲಿ ಮಮತಳ ಹೆಸರು ಬರೆದ.

ಪಾರ್ವತಮ್ಮ ಮೆಲ್ಲಗೆ ಬಂದು ಅವನ ಪಕ್ಕದ ಕುರ್ಚಿಯಲ್ಲಿ ಕುಸಿದಳು. ಗಟ್ಟಿ ಹೆಂಗಸು ಹತ್ತು ವರ್ಷ ಹೆಚ್ಚು ಮುದುಕಿಯಾದಂತೆ ಕಂಡಳು. ಮಮತಳ ಸೊಂಟದಲ್ಲಿದ್ದ ಮೊಮ್ಮಗನನ್ನೂ, ಅವನನ್ನು ಹಿಡಿದ ಹುಡುಗಿಯನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ ಸಿದ್ದರಾಮುವಿನ ಕೈಯಲ್ಲಿದ್ದ ಪುಸ್ತಕ ನೋಡಿದಳು.

“ನಮ್ಮೂರ್ಗೂ ಬಂದಿದ್ದ ಕಣಪ್ಪ ಒಬ್ಬ, ಇಂಥದ್ದೇ ಪುಸ್ತ್ಕ ಇಡ್ಕಂಡು. ಅವ್ನಿಗೆ ಒಂದ್ ಕಣ್ಣಿರ್ನಿಲ್ಲ. ಸಂತೋಷನ್ ಹೆಸ್ರು ಬರೀಬೇಡ ಕಣಪ್ಪ, ದೊಡ್ಡೋನ್ ಮದ್ವೆ ನಿಂತೋಯ್ತದೆ ಅಂತ ಕೈ ಮುಗ್ದೆ. ಬರೀನಿಲ್ಲ.” ಸೆರಗಿನಿಂದ ಕಣ್ಣೊರೆಸಿಕೊಂಡಳು. “ಅವ್ನೂ ನಿನ್ನಂಗೇ, ಬಾಳ ಒಳ್ಳೆ ಉಡ್ಗ.”

ಸಿದ್ದರಾಮು ತಲೆ ತಗ್ಗಿಸಿ, ಮುಂದಿನ ಸಾಲಿಗೆ ಪೆನ್ನಿಟ್ಟು, ಮಗುವಿನ ಹೆಸರೇನೆಂದು ಕೇಳಿದ.